ಮೈಕಣ್ಣನ ಮೈಕು ಕೆಟ್ಟಾಗ

ಬಸ್ ನಿಲ್ದಾಣದಲ್ಲಿ ಅನೌನ್ಸರ್ ಕೆಲಸ ಮಾಡುವವನಿಗೆ ಜೊತೆಯವರು ಇಟ್ಟ ಹೆಸರು ಮೈಕಣ್ಣ. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾರ ಕೊಡೆ ಯಾವ ಬೆಂಚಿನ ಮೇಲೆ ಉಳಿದಿದೆ ಎಂದು ದಿನವಿಡೀ ಕೂಗಿ ಮನೆಗೆ ಬಂದರೂ ಅವನ ಗಂಟಲು ದಣಿಯುತ್ತಿರಲಿಲ್ಲ. ಮನೆಯಲ್ಲೂ ಪ್ರಕಟಣೆಗಳೇ. "ಇವರಿಗೆ ಬಾಯಿ ಕೊಟ್ಟ ದೇವರು ಮುಚ್ಚಳ ಕೊಡೋದು ಮರೆತ" ಎಂದು ಹೆಂಡತಿ ಹೇಳಿದರೆ ಮೈಕಣ್ಣನೇ ಮೊದಲು ನಗುತ್ತಿದ್ದ. ನಕ್ಕು, ಮುಚ್ಚಳದ ಬಗ್ಗೆ ಇನ್ನೊಂದು ಭಾಷಣ ಶುರು ಮಾಡುತ್ತಿದ್ದ.

ಅವನ ಫೋನಿಗೆ ವಯಸ್ಸಾಗಿತ್ತು. ಗಾಜು ಬಿರುಕು ಬಿಟ್ಟಿತ್ತು, ಚಾರ್ಜರಿನ ವೈರನ್ನು ಒಂದು ಕೋನದಲ್ಲಿ ಬಗ್ಗಿಸಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತಿತ್ತು. ಒಂದು ಭಾನುವಾರ ಅದರ ಸೌಂಡ್ ಕೂಡ ನಿಂತಿತು. ಪರೀಕ್ಷೆಗೆಂದು ಒಂದು ಹಾಡು ಹಾಕಿದ. ಹಾಡು ಓಡುತ್ತಿತ್ತು, ಫೋನು ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ. ವಾಲ್ಯೂಮ್ ಏರಿಸಿದ, ಆಫ್ ಮಾಡಿ ಆನ್ ಮಾಡಿದ, ಕೈಯಿಂದ ನಾಲ್ಕು ಸಲ ತಟ್ಟಿದ. ಊಹೂಂ.

"ರಿಪೇರಿ ಅಂಗಡಿಗೆ ಕೊಡಿ" ಎಂದಳು ಹೆಂಡತಿ.

"ಇಷ್ಟು ವರ್ಷದಿಂದ ಮೈಕ್ ಮುಂದೆ ಕೂತಿರೋನು ನಾನು. ನನಗೆ ಸೌಂಡ್ ಬಗ್ಗೆ ಹೇಳ್ಕೊಡ್ತೀಯಾ? ಧೂಳು ಕೂತಿದೆ, ಅಷ್ಟೇ."

ಮೈಕಿನ ಮುಂದೆ ಕೂತವನಿಗೆಲ್ಲ ಮೈಕು ಗೊತ್ತಿರುತ್ತದೆ ಎನ್ನುವುದಾದರೆ, ಕುರ್ಚಿ ಮೇಲೆ ಕೂತವರೆಲ್ಲ ಬಡಗಿಗಳಾಗಬೇಕಿತ್ತು. ಈ ಮಾತು ಮೈಕಣ್ಣನಿಗೆ ಹೊಳೆದದ್ದು ಆಮೇಲೆ. ಆಗ ಅವನು ಹೆಂಡತಿಯ ಹೊಲಿಗೆ ಡಬ್ಬಿಯಿಂದ ಗುಂಡುಪಿನ್ನು ತೆಗೆದು ಫೋನಿನ ಕೆಳಗಿದ್ದ ತೂತುಗಳನ್ನೆಲ್ಲ ಒಂದೊಂದಾಗಿ ಕೆದಕಿದ. ಒಂಟಿಯಾಗಿದ್ದ ಒಂದು ತೂತು ಬಹಳ ಚಿಕ್ಕದಾಗಿತ್ತು. ಅದರಲ್ಲೇ ಹೆಚ್ಚು ಕೊಳೆ ಇರಬೇಕೆಂದು ಪಿನ್ನನ್ನು ಆಳವಾಗಿ ಚುಚ್ಚಿದ. ಒಳಗೆ ಏನೋ ಟಪ್ ಎಂದಿತು. ಕೊಳೆ ಒಡೆಯಿತು ಎಂದು ಸಂತೋಷಪಟ್ಟ.

ಮತ್ತೆ ಹಾಡು ಹಾಕಿ ಫೋನಿಗೆ ಕಿವಿ ಹಚ್ಚಿದರೆ ಮಗಳ ಕೋಣೆಯಿಂದ ಜೋರಾಗಿ ಸಂಗೀತ.

"ಸ್ವಲ್ಪ ಅದನ್ನ ನಿಲ್ಲಿಸಮ್ಮಾ! ನನ್ನ ಫೋನಲ್ಲಿ ಸೌಂಡ್ ಬರುತ್ತಾ ಅಂತ ಕೇಳ್ಬೇಕು!"

ಮಗಳು ಕಣ್ಣುಜ್ಜಿಕೊಂಡು ಬಾಗಿಲಿಗೆ ಬಂದಳು. ಕೈಯಲ್ಲಿ ಅವಳ ಬ್ಲೂಟೂತ್ ಸ್ಪೀಕರ್. "ಅಪ್ಪಾ, ಬೆಳಗ್ಗೆಯಿಂದ ಈ ಹಾಡು ಹಾಕ್ತಿರೋದು ನೀನೇ. ನಿನ್ನ ಫೋನು ಇದಕ್ಕೆ ಕನೆಕ್ಟ್ ಆಗಿದೆ. ನನಗೆ ನಿದ್ದೆ ಇಲ್ಲ."

ಬ್ಲೂಟೂತ್ ಆಫ್ ಮಾಡಿದ ಕೂಡಲೇ ಫೋನು ಗಂಟಲು ಬಿಚ್ಚಿ ಹಾಡಿತು. ಅಂದರೆ ಕೆಟ್ಟಿರದ ಫೋನನ್ನು ಅವನು ರಿಪೇರಿ ಮಾಡಿದ್ದ. ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಹೋದಳು.

ಅಷ್ಟರಲ್ಲಿ ಅಕ್ಕನ ಫೋನು ಬಂತು. ಮೈಕಣ್ಣನಿಗಿಂತ ಆರು ವರ್ಷ ದೊಡ್ಡವಳು, ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಅವಳ ಪ್ರತಿಯೊಂದು ತೊಂದರೆಗೂ ತಮ್ಮನ ಬಳಿ ಸಿದ್ಧ ಸಲಹೆ ಇರುತ್ತಿತ್ತು. ತೊಂದರೆ ಏನೆಂದು ಅವಳು ಹೇಳಿ ಮುಗಿಸುವ ಮೊದಲೇ ಇರುತ್ತಿತ್ತು.

"ನೋಡೋ, ಇವತ್ತು ನೀನು ಒಂದಕ್ಷರ ಮಾತಾಡಬಾರದು" ಎಂದಳು ಅಕ್ಕ ಬಾಯಿ ತೆರೆದವಳೇ. "ನಾನು ಹೇಳಿ ಮುಗಿಸೋವರೆಗೂ. ಆಯ್ತಾ?"

"ಅದೇನು ಹೇಳಕ್ಕಾ, ನಾನೇನು ಯಾವಾಗಲೂ ಮಧ್ಯೆ ಬಾಯಿ ಹಾಕ್ತೀನಾ?" ಎಂದು ಅವನು ಮಧ್ಯೆ ಬಾಯಿ ಹಾಕಿದ.

ಅಕ್ಕ ನಿಲ್ಲಲೇ ಇಲ್ಲ. "ನಾನು ಮದುವೆ ಆಗ್ತಿದ್ದೀನಿ."

"ಏನು?"

"ಆಸ್ಪತ್ರೆ ಲಿಫ್ಟ್ ನೋಡ್ಕೊಳ್ಳೋ ಮೆಕ್ಯಾನಿಕ್ ಒಬ್ಬರಿದ್ದಾರೆ. ಒಂದಿನ ಲಿಫ್ಟ್ ಕೆಟ್ಟು ನಾನು ಒಳಗೆ ಸಿಕ್ಕಿಹಾಕ್ಕೊಂಡೆ. ಅವರು ಹೊರಗೆ ನಿಂತು ಕೆಲಸ ಮಾಡ್ತಾನೇ ನನಗೆ ಧೈರ್ಯ ಹೇಳ್ತಿದ್ರು. ಮುಖ ನೋಡೋ ಮೊದಲು ದನಿ ಕೇಳಿದ್ದು ಕಣೋ."

"ಈ ವಯಸ್ಸಲ್ಲಿ? ಅಕ್ಕಾ, ಆಗಲ್ಲ! ಜನ ಏನಂತಾರೆ? ಯಾರವನು, ಹಿಂದೆ ಮುಂದೆ ಯಾರಿದ್ದಾರೆ?" ಮೈಕಣ್ಣ ಎದ್ದು ನಿಂತು ಕೂಗಿದ. ಹೆಂಡತಿ ಸೌಟು ಹಿಡಿದೇ ಓಡಿಬಂದಳು. ಅಕ್ಕ ತನ್ನ ಪಾಡಿಗೆ ತಾನು ಮಾತಾಡುತ್ತಲೇ ಇದ್ದಳು. ರಾತ್ರಿ ಪಾಳಿ ಮುಗಿಸಿ ಬೀಗ ತೆಗೆಯುವಾಗ ಮನೆ ಬಿಕೋ ಅನ್ನುವುದು, ಒಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸಾಗದೆ ಹಾಗೇ ಮಲಗುವುದು, ಜ್ವರ ಬಂದಾಗ ತಮ್ಮನಿಗೆ ಹೇಳದೆ ಮುಚ್ಚಿಟ್ಟದ್ದು.

"ಹೇಳಿದ್ರೆ ನೀನು ಕಷಾಯದ ಬಗ್ಗೆ ಅರ್ಧ ಗಂಟೆ ಮಾತಾಡ್ತಿದ್ದೆ. ನನಗೆ ಬೇಕಾಗಿದ್ದು ಕಷಾಯ ಅಲ್ಲ ಕಣೋ" ಎಂದಾಗ ಅವಳ ದನಿ ಒಡೆಯಿತು.

ಮೈಕಣ್ಣನ ಬಾಯಿ ತಾನಾಗಿ ಮುಚ್ಚಿಕೊಂಡಿತು.

"ಇವತ್ತೇ ಮೊದಲು ನೀನು ಇಷ್ಟು ಹೊತ್ತು ಸುಮ್ಮನೆ ಕೂತು ಕೇಳಿದ್ದು. ಬೈತೀಯ ಅಂತ ಹೆದರಿದ್ದೆ. ಏನೂ ಅನ್ನಲ್ವಾ?" ಅಕ್ಕ ಕಾದಳು.

"ಅಕ್ಕಾ..." ಎಂದ ಅವನು.

"ಆಯ್ತು ಬಿಡು. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ." ಮೂಗೊರೆಸಿಕೊಂಡು ನಕ್ಕು ಅವಳು ಫೋನಿಟ್ಟಳು.

"ಇಷ್ಟು ಕೂಗಿದ್ರೂ ಸುಮ್ಮನೆ ಕೂತು ಕೇಳಿದೆ ಅಂತಾಳಲ್ಲ!" ಎಂದ ಮೈಕಣ್ಣ. ಮಗಳು ಫೋನು ಕಿತ್ತುಕೊಂಡು ನೋಡಿದಳು. ಕವರ್ ಬಿಚ್ಚಿದಳು, ಸೆಟ್ಟಿಂಗ್ಸ್‌ನಲ್ಲಿ ಮೈಕಿಗೆ ಅನುಮತಿ ಇದೆಯೇ ಎಂದು ನೋಡಿದಳು. ರೆಕಾರ್ಡರ್ ಒತ್ತಿ "ಹಲೋ ಹಲೋ" ಎಂದು, ಅದನ್ನೇ ಹಾಕಿ ಕೇಳಿಸಿದಳು. ಬರೀ ಮೌನ.

"ಅಪ್ಪಾ, ಆ ಒಂಟಿ ತೂತೇ ಮೈಕು. ಅದನ್ನೇ ಚುಚ್ಚಿದ್ದೀಯ. ಅತ್ತೆಗೆ ನಿನ್ನ ಒಂದು ಮಾತೂ ಕೇಳಿಸಿಲ್ಲ." ತನ್ನ ಫೋನನ್ನು ಮುಂದೆ ಚಾಚಿದಳು. "ತಗೋ, ಇದರಲ್ಲಿ ಹೇಳು."

ಅಷ್ಟೊಂದು ಕೂಗಾಡಿದ್ದು ಅಕ್ಕನಿಗೆ ತಲುಪಲಿಲ್ಲವೆಂದು ತಿಳಿದು ಅವನಿಗೆ ಮೊದಲು ಅವಮಾನವಾಯಿತು, ಆಮೇಲೆ ನಿರಾಳವಾಯಿತು. ನಂಬರ್ ಒತ್ತಿದ.

"ಅಕ್ಕಾ, ನಾನು. ಅವರನ್ನ ಕರ್ಕೊಂಡು ಊಟಕ್ಕೆ ಬಾ."

ಅಷ್ಟು ಚಿಕ್ಕ ಪ್ರಕಟಣೆಯನ್ನು ಅವನು ಜೀವಮಾನದಲ್ಲಿ ಮಾಡಿರಲಿಲ್ಲ.

ಮರುದಿನ ರಿಪೇರಿ ಅಂಗಡಿಯ ಹೆಂಗಸು ಫೋನು ಬಿಚ್ಚಿ, ತೂತು ಬಿದ್ದ ಮೈಕನ್ನು ಚಿಮುಟದಲ್ಲಿ ಎತ್ತಿ ತೋರಿಸಿ, "ಇದನ್ನ ಹೀಗೆ ಇರಿದೋರು ಯಾರು?" ಎಂದಳು.

"ಮನೇಲಿ ಮಕ್ಕಳು..." ಎಂದ ಮೈಕಣ್ಣ. ಪಕ್ಕದಲ್ಲೇ ನಿಂತಿದ್ದ ಮಗಳು ಕೆಮ್ಮಿದಳು. "ನಾನೇ" ಎಂದು ತಿದ್ದಿಕೊಂಡ. ಅಂಗಡಿಯವಳು ನಗುತ್ತಾ ಹೊಸ ಮೈಕು ಕೂರಿಸಿಕೊಟ್ಟಳು.

ಮುಂದಿನ ಭಾನುವಾರ ಅಕ್ಕ ಆ ಮನುಷ್ಯನೊಂದಿಗೆ ಬಂದಳು. ಮಾತಿಲ್ಲದ ಸಾಧುಪ್ರಾಣಿ ಇರಬಹುದೆಂದು ಮೈಕಣ್ಣ ಎಣಿಸಿದ್ದ. ತನ್ನಂಥ ತಮ್ಮನಿಂದ ಬೇಸತ್ತವಳು ಇನ್ನೆಂಥವನನ್ನು ಹುಡುಕಿಯಾಳು? ಆದರೆ ಮೆಕ್ಯಾನಿಕ್ ಚಪ್ಪಲಿ ಬಿಡುವಾಗಲೇ ಮಾತು ಶುರು ಮಾಡಿದ. ಲಿಫ್ಟಿನ ಹಗ್ಗ, ಲಿಫ್ಟಿನ ಬ್ರೇಕು, ಲಿಫ್ಟಿನಲ್ಲಿ ಸಿಕ್ಕಿಕೊಂಡು ಅತ್ತ ಸಾಹುಕಾರ. ಮೈಕಣ್ಣ ಒಂದು ಸಂದಿಗಾಗಿ ಕಾದ. ಸಿಗಲಿಲ್ಲ.

ನೀರು ತರುವ ನೆಪದಲ್ಲಿ ಅಕ್ಕನನ್ನು ಒಳಗೆ ಕರೆದು ಪಿಸುಗುಟ್ಟಿದ. "ಏನಕ್ಕಾ ಇದು, ಇವರು ನನ್ನನ್ನೇ ಮೀರಿಸ್ತಾರೆ!"

"ಹೌದು, ಮಾತು ಜಾಸ್ತಿ" ಎಂದಳು ಅಕ್ಕ. "ಆದ್ರೆ ನಡುವೆ ನಿಲ್ಲಿಸಿ ನೀನೇನಂತೀಯ ಅಂತ ಕೇಳ್ತಾರೆ."

ಮೈಕಣ್ಣ ನೀರಿನ ಚೊಂಬು ಹಿಡಿದು ಬಂದು ಕೂತ. ಮೆಕ್ಯಾನಿಕ್ ಮತ್ತೆ ಹೇಳತೊಡಗಿದ. ಅವನು ಉಸಿರೆಳೆದುಕೊಳ್ಳುವ ಹೊತ್ತಿಗೆ ತಾನು ಬಸ್ಸಿನ ಯಾವ ಕತೆ ತೂರಿಸಬೇಕೆಂದು ಮೈಕಣ್ಣ ಜೋಡಿಸಿಕೊಳ್ಳುತ್ತಿದ್ದಾಗ, ಆತ ತಟ್ಟನೆ ನಿಲ್ಲಿಸಿ ಇವನತ್ತ ತಿರುಗಿದ.

"ಇದಕ್ಕೆ ನೀವೇನಂತೀರಿ?"

ಎಲ್ಲರೂ ಮೈಕಣ್ಣನನ್ನು ನೋಡಿದರು. ಅವನು ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ಕಿವಿಯವರೆಗೂ ಕೆಂಪಾದ.

"ತಪ್ಪು ತಿಳೀಬೇಡಿ" ಎಂದ. "ಇನ್ನೊಂದ್ಸಲ ಹೇಳ್ತೀರಾ?"

ಮೆಕ್ಯಾನಿಕ್ ಖುಷಿಯಿಂದಲೇ ಮೊದಲಿನಿಂದ ಶುರು ಮಾಡಿದ. ಮೈಕಣ್ಣ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.