ಬಾಕಿಯಿಲ್ಲದವಳು

ಚಹಾ ಕುಡಿಯುವ ಮೊದಲೇ ದುಡ್ಡು ಕೊಡುವವರನ್ನು ನನ್ನ ಆಯುಷ್ಯದಲ್ಲಿ ನಾನು ಕಂಡದ್ದು ಅವಳೊಬ್ಬಳನ್ನೇ. ಲೋಟ ಇನ್ನೂ ಅಂಗಡಿಯವನ ಕೈಯಲ್ಲಿ ಹಬೆಯಾಡುತ್ತಿರುವಾಗಲೇ ಅವಳ ಚಿಲ್ಲರೆ ಹಲಗೆಯ ಮೇಲೆ ಬಿದ್ದಿರುತ್ತಿತ್ತು. ‘ಎಲ್ಲಿಗೆ ಓಡಿಹೋಗ್ತೀಯೇ? ಕುಡಿದ ಮೇಲೆ ಕೊಡು’ ಎಂದು ಅವನು ಗದರಿದರೆ, ‘ಕುಡಿಯೋವಾಗ ಸತ್ತುಗಿತ್ತು ಹೋದ್ರೆ ನಿನ್ನ ಬಾಕಿ ಯಾರು ಕೊಡ್ತಾರಣ್ಣ?’ ಅನ್ನುವಳು. ನಗುತ್ತ ಅಲ್ಲ, ನಿಜವಾದ ಚಿಂತೆಯಿಂದ. ಬೀದಿಯವರು ಅವಳಿಗೆ ‘ಚುಕ್ತಾ’ ಎಂದು ಹೆಸರಿಟ್ಟಿದ್ದರು. ತಾಯಿ ಇಟ್ಟ ಹೆಸರಿಗಿಂತ ಅದಕ್ಕೇ ಅವಳು ಬೇಗ ಓಗೊಡುತ್ತಿದ್ದಳು.

ರಸ್ತೆಯನ್ನು ಯಾರೋ ಕೈಗಡ ಕೊಟ್ಟಿದ್ದಾರೆ, ಸವೆಸದೆ ಹಿಂದಿರುಗಿಸಬೇಕು ಎಂಬಂತೆ ಅಂಚು ಹಿಡಿದು, ಹೆಜ್ಜೆ ಎತ್ತಿ ಎತ್ತಿ ಇಡುತ್ತ ನಡೆಯುವಳು. ಮೈಮೇಲೆ ಸದಾ ಸತ್ತ ಅಪ್ಪನ ಖಾಕಿ ಕೋಟು, ತೋಳು ಮಡಿಚಿ ಹೊಲಿದದ್ದು. ಅದರ ಒಂದೊಂದು ಜೇಬೂ ಒಂದೊಂದು ಖರ್ಚಿಗೆ ಮೀಸಲು. ಬಾಡಿಗೆಯ ಜೇಬಿನಿಂದ ಅಕ್ಕಿಗೆ ಕಾಸು ತೆಗೆದದ್ದನ್ನು ದೇವರೂ ಕಂಡಿಲ್ಲ.

ಕಸುಬು ಮೋಟಾರ್ ರಿವೈಂಡಿಂಗ್. ಸುಟ್ಟುಹೋದ ಪಂಪು, ಫ್ಯಾನು, ಗಿರಣಿಯ ಮೋಟಾರುಗಳ ಹೊಟ್ಟೆ ಬಗೆದು, ಕರಕಲಾದ ಸುರುಳಿಯನ್ನು ಉಳಿಯಿಂದ ಕಿತ್ತು, ಕಬ್ಬಿಣದ ಸಂದುಗಳಲ್ಲಿ ಕಾಗದ ಹಾಸಿ, ಹೊಸ ತಾಮ್ರದ ತಂತಿ ತುಂಬಿ, ವಾರ್ನಿಷ್ ಕುಡಿಸಿ ಒಣಗಿಸುವ ಕೆಲಸ. ಗಂಡಸರೇ ತುಂಬಿದ್ದ ಆ ಓಣಿಯಲ್ಲಿ ಹರೆಯದ ಹೆಣ್ಣೊಬ್ಬಳು ಉಳಿ ಹಿಡಿದು ಕೂತಾಗ ಆಡಿಕೊಂಡವರು, ತಮ್ಮ ಕೈಗೆ ಬಗ್ಗದ ಮೋಟಾರನ್ನು ಸಂಜೆಗೆ ಅವಳ ಮುಂದೆಯೇ ತಂದಿಡುತ್ತಿದ್ದರು.

ಅವಳ ಅಪ್ಪ ನಮ್ಮ ಕಾರ್ಮಿಕ ಸಂಘದವನು, ನನಗೆ ತಮ್ಮನಿದ್ದಂತೆ. ಕಾರ್ಖಾನೆ ಲಾಕೌಟ್ ಆಗಿ, ಗೇಟಿನ ಮುಂದೆ ನಾವು ಗಂಟಲು ಹರಿಯುವಂತೆ ಘೋಷಣೆ ಕೂಗುತ್ತಿದ್ದ ಕಾಲದಲ್ಲಿ ಅವನ ಒಲೆ ಬಡ್ಡಿಯವನ ದುಡ್ಡಿನಲ್ಲಿ ಉರಿಯಿತು. ಕಂತು ಕಟ್ಟುತ್ತಲೇ ಇದ್ದ, ಸಾಲ ಬೆಳೆಯುತ್ತಲೇ ಇತ್ತು. ಗೇಟು ತೆರೆಯಲೇ ಇಲ್ಲ. ಒಂದು ಮಧ್ಯಾಹ್ನ ವಸೂಲಿಯ ಆಳುಗಳು ಬಂದು ಪಾತ್ರೆ ಹೊತ್ತರು, ಫ್ಯಾನು ಬಿಚ್ಚಿದರು. ಕೊನೆಗೆ ಮಂಚದ ಮೇಲೆ ಜ್ವರ ಬಂದು ಮಲಗಿದ್ದ ಈ ಹುಡುಗಿಯನ್ನು ಕಂಬಳಿ ಸಮೇತ ಎತ್ತಿ ನೆಲಕ್ಕಿಟ್ಟು ಮಂಚವನ್ನೂ ಒಯ್ದರು. ‘ಮೆತ್ತಗೇ ಇಟ್ರು ದೊಡ್ಡಪ್ಪ, ನಿದ್ದೆಗೆಡಬಾರದು ಅನ್ನೋ ಹಾಗೆ. ಆ ಮೆತ್ತನೇ ಕೈ ನೆನೆಸಿಕೊಂಡ್ರೆ ಈಗ್ಲೂ ಮೈ ಉರಿಯುತ್ತೆ’ ಎಂದು ಒಮ್ಮೆ ಹೇಳಿದ್ದಳು. ಅಪ್ಪ ಆಮೇಲೆ ಬಹಳ ದಿನ ಉಳಿಯಲಿಲ್ಲ. ಅವನು ಬಿಟ್ಟುಹೋದ ಸಾಲವನ್ನು ಇವಳ ಮೊದಮೊದಲ ಸಂಬಳಗಳು ತೀರಿಸಿದವು. ಅಂದಿನಿಂದ ಅವಳು ಯಾರ ಹತ್ತಿರವೂ ಬೆಂಕಿಪೊಟ್ಟಣವನ್ನೂ ಕಡ ಕೇಳಲಿಲ್ಲ.

ಅವಳು ದುಡಿಯುತ್ತಿದ್ದ ರಿವೈಂಡಿಂಗ್ ಅಂಗಡಿಯ ಯಜಮಾನ ವಾರ್ನಿಷ್ ಹೊಗೆಯನ್ನು ಎದೆಯಲ್ಲಿ ತುಂಬಿಕೊಂಡ ಮುದುಕ. ಮಾತಿಗಿಂತ ಮೊದಲು ಅವನ ಕೆಮ್ಮು ಬರುತ್ತಿತ್ತು. ಅಂಗಡಿ ಮಾರಿಬಿಡುವುದೆಂದು ನಿಶ್ಚಯಿಸಿದಾಗ ಮೊದಲು ಇವಳನ್ನೇ ಕರೆದ. ‘ನಿನ್ನ ಕೈ ಇಲ್ದಿದ್ರೆ ಇದು ಗುಜರಿ ಕಣೇ. ನೀನೇ ತಗೋ. ವರ್ಷ ತುಂಬೋವರೆಗೂ ಬೇರೆಯವರ ಹತ್ರ ಬಾಯಿ ಬಿಡಲ್ಲ.’ ಅರ್ಧ ಹಣ ಅವಳ ಉಳಿತಾಯದಲ್ಲಿತ್ತು. ಉಳಿದರ್ಧ ಹುಟ್ಟದಿದ್ದರೆ ಬೇರೆ ಧಣಿ ಬರುತ್ತಾನೆ. ಬಂದವನು ಹೆಂಗಸಿನ ಕೈಗೆ ತಂತಿ ಕೊಡುತ್ತಾನೋ ಪೊರಕೆ ಕೊಡುತ್ತಾನೋ ಯಾರು ಕಂಡರು? ಆಸ್ಪತ್ರೆಯ ನೆಲ ಒರೆಸಿ ಒರೆಸಿ ತಾಯಿಯ ಮಂಡಿಚಿಪ್ಪು ಸವೆದಿತ್ತು. ಚುಕ್ತಾ ಹಲ್ಲು ಕಚ್ಚಿಕೊಂಡು ಬ್ಯಾಂಕಿಗೆ ಹೊರಟಳು, ಜೊತೆಗೆ ನನ್ನನ್ನೂ ಎಳೆದುಕೊಂಡು. ಬ್ಯಾಂಕಿನ ಮುಂದೆ ಧರಣಿ ಕೂತು ಅಭ್ಯಾಸವಿದ್ದ ನನಗೆ ಒಳಗಿನ ಮೆತ್ತನೆಯ ಕುರ್ಚಿ ಚುಚ್ಚುತ್ತಿತ್ತು.

‘ಕಂಪ್ಯೂಟರಲ್ಲಿ ನಿಮ್ಮ ಹೆಸರು ಹೊಡೆದ್ರೆ ಏನೂ ಬರ್ತಾ ಇಲ್ವಲ್ಲಮ್ಮ’ ಎಂದ ಸಾಲದ ಅಧಿಕಾರಿ.

‘ಏನೂ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ ಸಾರ್? ನಾನು ಯಾರಿಗೂ ಒಂದು ಕಾಸು ಕೊಡಬೇಕಾಗಿಲ್ಲ.’

‘ನಿಮಗೆ ಒಳ್ಳೇದು. ತೀರಿಸೋರು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ನೀವು ಸಾಲವನ್ನೇ ಮಾಡಿಲ್ಲ.’

‘ಹಾಗಾದ್ರೆ ಕದ್ದು ವಾಪಸ್ ಕೊಟ್ಟೋನೇ ಪ್ರಾಮಾಣಿಕ ಅನ್ನಿ’ ಎಂದು ನಾನು ಬಾಯಿ ಹಾಕಿದೆ. ಅವನು ನಕ್ಕ. ಕೆಟ್ಟವನಲ್ಲ. ಸಾಲ ತೀರಿಸುವ ನಡತೆಗೆ ಅಂಕ ಕೊಡುತ್ತಾರೆ, ಕ್ರೆಡಿಟ್ ಸ್ಕೋರ್ ಅನ್ನುತ್ತಾರೆ, ಅದಿಲ್ಲದೆ ಮೇಲಿನವರು ಅರ್ಜಿ ಮುಟ್ಟುವುದಿಲ್ಲ ಎಂದು ಬಿಡಿಸಿ ಹೇಳಿದ. ಒಂದಿಷ್ಟು ಠೇವಣಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡು ತೆಗೆದುಕೊಳ್ಳಿ, ಸ್ವಲ್ಪ ಸ್ವಲ್ಪ ಖರ್ಚು ಮಾಡಿ, ಬಿಲ್ಲು ಬಂದಾಗ ಗಡುವಿನೊಳಗೆ ಪೂರ್ತಿ ಕಟ್ಟಿ, ವರ್ಷದೊಳಗೆ ಅಂಕ ಕೂಡುತ್ತದೆ ಎಂದ. ಅವಳು ಶಾಲೆಯ ಮಗುವಿನ ಹಾಗೆ ತಲೆಯಾಡಿಸಿದಳು.

ಕಾರ್ಡಿನಿಂದ ಮೊದಲು ಕೊಂಡದ್ದು ಒಂದು ಸೋಪು. ತಂದು ಗೂಡಿನಲ್ಲಿಟ್ಟವಳು ಬಿಲ್ಲು ಕಟ್ಟುವವರೆಗೂ ಅದರ ಕಾಗದ ಬಿಚ್ಚಗೊಡಲಿಲ್ಲ. ‘ದುಡ್ಡು ಕಟ್ಟೋ ತನಕ ಅದು ಬ್ಯಾಂಕಿನವರ ಸೋಪು’ ಎಂದು ತಾಯಿಯ ಕೈ ತಡೆದಳಂತೆ. ‘ಮನೇಲಿ ಹಾವು ಬಿಟ್ಕೊಂಡ ಹಾಗೆ ಆಡ್ತಾಳೆ ನೋಡಿ ಭಾವ. ಅವಳ ಅಂಕ ಬರೋ ಹೊತ್ತಿಗೆ ನನ್ನ ಮೈ ನಾತ ಹೊಡೀತಿರುತ್ತೆ’ ಎಂದು ತಾಯಿ ನನ್ನ ಮುಂದೆ ದೂರಿದಳು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಚುಕ್ತಾ ನಗಲಿಲ್ಲ. ಕೊಂಡ ದಿನಕ್ಕೂ ಕಟ್ಟುವ ದಿನಕ್ಕೂ ನಡುವಿನ ಅವಧಿಯಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಹೀಗೇ ಕೆಲವು ತಿಂಗಳು ಉಸಿರು ಬಿಗಿಹಿಡಿದು ನಡೆಸಿದಳು.

ಆಮೇಲೊಂದು ದಿನ, ಗಡುವಿಗಿನ್ನೂ ಸಮಯವಿರುವಾಗಲೇ, ಬ್ಯಾಂಕಿನವರು ಎಲ್ಲರಿಗೂ ಕಳಿಸುವ ಸಂದೇಶ ಅವಳ ಫೋನಿಗೂ ಬಂತು: ನಿಮ್ಮ ಬಾಕಿ ಇಷ್ಟಿದೆ, ತಪ್ಪದೆ ಪಾವತಿಸಿ. ಅರ್ಧ ಸುತ್ತಿದ ಮೋಟಾರನ್ನು ಬಿಟ್ಟು ಅವಳು ಎದ್ದುಹೋದಳಂತೆ, ಬದುಕಿನಲ್ಲಿ ಮೊದಲ ಬಾರಿಗೆ. ಬಾಕಿ ಕಟ್ಟಿದಳು, ಕಾರ್ಡನ್ನೇ ಮುಚ್ಚಿಸಿದಳು, ತಂತಿಯ ಕತ್ತರಿಯಿಂದ ಎರಡು ಹೋಳು ಮಾಡಿದಳು. ಅದಾದ ಮೇಲೆ ನನ್ನನ್ನು ಕರೆದುಕೊಂಡು ಹೋಗಿ ಆ ಹೋಳುಗಳನ್ನು ಸಾಲದ ಅಧಿಕಾರಿಯ ಮೇಜಿನ ಮೇಲೆ ಇಟ್ಟಳು. ಮುಖದಲ್ಲಿ ಪರೀಕ್ಷೆ ಪಾಸಾದವಳ ಕಳೆ.

‘ಚುಕ್ತಾ ಸಾರ್. ಒಂದು ಕಾಸೂ ಇಲ್ಲ. ಈಗ ಕೊಡಿ ಅಂಕ.’

ಅವನು ತಲೆ ಹಿಡಿದುಕೊಂಡ. ‘ಅಯ್ಯೋ, ಅಂಕ ಮೂಡೋ ಮುಂಚೆನೇ ಮುಚ್ಚಿಬಿಟ್ರಲ್ಲಮ್ಮ!’

‘ತೀರಿಸಿದೆನಲ್ಲ ಸಾರ್.’

‘ತೀರಿಸಿಬಿಡೋದಲ್ಲಮ್ಮ, ತೀರಿಸ್ತಾ ಇರ್ಬೇಕು. ಇನ್ನು ಮೊದಲಿಂದ ಶುರು ಮಾಡಿ.’

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ‘ತೀರಿಸ್ತಾನೇ ಇರೋದು ಅಂದ್ರೆ, ಅಪ್ಪ ಮಾಡಿದ್ದು ಅದನ್ನೇ ಅಲ್ವಾ ದೊಡ್ಡಪ್ಪ?’ ಎಂದಳು.

ಮೊದಲಿಂದ ಶುರು ಮಾಡಲು ಸಮಯ ಉಳಿಯಲಿಲ್ಲ. ಯಜಮಾನ ಆಸ್ಪತ್ರೆ ಸೇರಿದವನು ತಿರುಗಿ ಬರಲಿಲ್ಲ, ಅವಳಿಗೆ ಕೊಟ್ಟ ಮಾತೂ ಅವನ ಕೆಮ್ಮಿನೊಡನೆ ಹೋಯಿತು. ಅವನ ಅಳಿಯ ಅಂಗಡಿಯನ್ನು ಮಾರಿದ. ಕೊಂಡವನಿಗೆ ಆಗಲೇ ಊರ ತುಂಬ ಅಂಗಡಿಗಳು, ಒಂದೊಂದೂ ಸಾಲದ ಮೇಲೆ ನಿಂತದ್ದು. ಅವನ ಅಂಕ ನೋಡಿ ಬ್ಯಾಂಕಿನವರು ಕುರ್ಚಿ ಎಳೆದು ಕೂರಿಸಿದರಂತೆ. ಅವನು ಅವಳಿಗೆ ಪೊರಕೆ ಕೊಡಲಿಲ್ಲ, ಅಷ್ಟು ದಡ್ಡನಲ್ಲ. ಉಳಿಯನ್ನೇ ಕೊಟ್ಟ. ಆದರೆ ಸಂಬಳವನ್ನು ಮಾತ್ರ ಅರ್ಧ ಕೊಟ್ಟು ಅರ್ಧ ಹಿಡಿಯುತ್ತಾನೆ. ‘ಬ್ಯಾಂಕಿನ ಕಂತು ಇತ್ತು ಕಣಮ್ಮ, ಮುಂದಿನ ವಾರ ನೋಡೋಣ’ ಎನ್ನುತ್ತಾನೆ. ಅವನ ಕಂತು ಎಂದೂ ತಡವಾಗಿಲ್ಲ. ಅವಳ ಸಂಬಳ ಎಂದೂ ಪೂರ್ತಿ ಬಂದಿಲ್ಲ.

‘ನಡಿ, ಅವನ ಅಂಗಡಿ ಮುಂದೆ ಕೂರೋಣ. ಕೊರಳಪಟ್ಟಿ ಹಿಡಿದು ಕೇಳೋಣ’ ಎಂದೆ.

‘ಬೇಡ ದೊಡ್ಡಪ್ಪ. ಮನೆ ಮುಂದೆ ಬಂದು ಕೊಡು ಅಂತ ನಿಲ್ಲೋರನ್ನ ನೋಡಿದೀನಿ. ಅಂಥವಳು ನಾನಾಗಲ್ಲ.’ ಹೇಳಿ, ಬಗ್ಗಿ ತಂತಿಯ ತುದಿ ಹುಡುಕತೊಡಗಿದಳು.

ಇಂಥವರ ಕುಲವೊಂದಿದೆ. ಸಾಲ ಕೇಳಲೂ ಬಾರದು, ಕೊಟ್ಟದ್ದನ್ನು ವಸೂಲು ಮಾಡಲೂ ಬಾರದು. ತಿಂಗಳಿಡೀ ಮೊದಲು ದುಡಿದುಕೊಟ್ಟು ಆಮೇಲೆ ಕೂಲಿಗೆ ಕೈಯೊಡ್ಡುವ ಇವರು ತಾವು ಧಣಿಗೆ ಸಾಲ ಕೊಟ್ಟವರೆಂದು ಎಂದೂ ಅಂದುಕೊಂಡವರಲ್ಲ. ಇವರ ತಡೆಹಿಡಿದ ಸಂಬಳದಲ್ಲಿ ಧಣಿಯ ಕಂತು ಹೊತ್ತಿಗೆ ಸರಿಯಾಗಿ ಸಂದಾಯವಾಗುತ್ತದೆ, ಅವನ ನಡತೆಗೆ ಅಂಕದ ಮೇಲೆ ಅಂಕ ಬೀಳುತ್ತದೆ. ಇವರ ಹೆಸರು ಹೊಡೆದರೆ ಮಾತ್ರ ಏನೂ ಬರುವುದಿಲ್ಲ.