ದಾಗಡಿ ಸೋಪು

ಬಾನೆಟ್ಟಿನ ಮೇಲೊಂದು ಗೀರು, ಅಯ್ಯೋ, ಇಲ್ಲ, ಕೂದಲು, ನನ್ನದೇ ನರೆಗೂದಲು, ಊದಿದೆ, ಹಾರಿತು, ಬದುಕಿದೆ — ಈ ಕಪ್ಪು ಬಣ್ಣಕ್ಕೆ ಮುಚ್ಚುಮರೆಯೇ ಇಲ್ಲ, ಬೇವಿನ ಮರ, ಆಕಾಶ, ನನ್ನ ಸೊಟ್ಟ ಮೂಗು, ಹಿಂದೆ ಜಗಲಿಯ ಮೇಲೆ ಅವಳು ಕಟ್ಟಿಟ್ಟ ಬಟ್ಟೆಯ ಗಂಟು, ಎಲ್ಲವನ್ನೂ ತೋರಿಸಿಬಿಡುತ್ತದೆ — ಕಟ್ಟಿಯೇಬಿಟ್ಟಿದ್ದಾಳೆ ಗಂಟನ್ನು, ಹತ್ತು ಗಂಟೆಯ ಹರೂರು ಬಸ್ಸಿಗೆ ಅವಳಣ್ಣ ಮಲ್ಲಪ್ಪ ಬಂದಿಳಿಯುತ್ತಾನೆ, ತಂಗಿಯನ್ನು ತವರಿಗೆ, ಪಾಪಿರೆಡ್ಡಿಪಟ್ಟಿಗೆ, ಕರೆದುಕೊಂಡು ಹೋಗುತ್ತಾನೆ, ಮತ್ತೆ ಯಾವಾಗ ಬರ್ತೀಯ ಅಂತ ಕೇಳಿದ್ದಕ್ಕೆ ನನ್ನ ಹೆಂಡತಿ ಮುನಿಲಕ್ಷ್ಮಮ್ಮ ಒಲೆ ಊದುತ್ತಾ ನೋಡಾನ ಅಂದಳು, ನೋಡಾನ ಅಂದರೆ ಏನರ್ಥ, ಬರುತ್ತೇನೆ ಅಂತಲೋ ಬರುವುದಿಲ್ಲ ಅಂತಲೋ — ಈ ಸೇಲಂನಾಗೆ ನಂಗೇನು ಕೆಲ್ಸ ಐತೆ ಕಣಯ್ಯಾ, ಎಲ್ಡು ಪಾತ್ರೆ ಬೆಳಗಿದ್ರೆ ಒತ್ತು ಓಗಾಕಿಲ್ಲ, ಅಲ್ಲಿ ಕುರಿ ಈಯೋ ಕಾಲ, ಅವ್ವ ಒಬ್ಳೇ ಒದ್ದಾಡ್ತಾವ್ಳೆ ಅಂದಳು, ಅದೂ ನಿಜವೇ, ಹುಟ್ಟಿದಾಗಿನಿಂದ ಮಂದೆಯ ಹಿಂದೆ ತಿರುಗಿದ ಹೆಂಗಸು, ಡಾಕ್ಟರ ಮನೆಯ ಹಿತ್ತಿಲಿನ ಈ ಒಂದು ಕೋಣೆಯಲ್ಲಿ ಗೋಡೆ ನೋಡಿಕೊಂಡು ಎಷ್ಟು ದಿನ ಕೂತಾಳು, ಹೋಗಲಿ, ಹೋಗಿ ಬರಲಿ, ಗಾಡಿ ತೊಳೆಯುವುದನ್ನು ಕಲಿತುಕೊಂಡಿದ್ದೇನಲ್ಲ, ನಾನೇನು ಮಗುವೇ.

ಗಾಡಿಯೇನೋ ಡಾಕ್ಟರ್ ಸೇತುಮಾಧವರಾಯರದು, ಆದರೆ ಓಡಿಸುವವನು ನಾನು, ಅದರ ಮೈ ನನ್ನದು, ಹರೂರಿನ ದಾರಿಯ ಧೂಳು ಎಂಥದೆಂದು ರಾಯರಿಗೇನು ಗೊತ್ತು, ರೋಗಿ ನೋಡಲು ಹೋಗುವವರು ಹಿಂದಿನ ಸೀಟಿನಲ್ಲಿ ಗೊರಕೆ, ಆ ಧೂಳು ನೋಡಲು ರಾಗಿಹಿಟ್ಟಿನ ಹಾಗಿರುತ್ತದೆ, ಒಳಗೆಲ್ಲ ಸಣ್ಣ ಮರಳು, ಮೊದಮೊದಲು ನಾನು ಬಾರ್ ಸೋಪು ತುರಿದು, ಬಿಸಿನೀರಿಗೆ ಹಾಕಿ, ಒದ್ದೆ ಬಟ್ಟೆಯಲ್ಲಿ ತಿಕ್ಕಿದ್ದೇ ತಿಕ್ಕಿದ್ದು, ನೊರೆ ಬಂತು, ಕೊಳೆ ಹೋಯಿತು, ಬಿಸಿಲು ಬಿದ್ದಾಗ ನೋಡಿದರೆ ಬಾಗಿಲ ತುಂಬಾ ಜೇಡರ ಬಲೆಯಂಥ ಗೀರು, ರಾಯರು ಕನ್ನಡಕ ಮೇಲೆತ್ತಿ ಬೆರಳಾಡಿಸಿ ಏನೋ ಕುಪ್ಪಸ್ವಾಮಿ, ರಾತ್ರಿ ಇದರ ಮೇಲೆ ಬೆಕ್ಕು ಮಲಗಿತ್ತೇನೋ ಅಂದರು, ಬೈದಿದ್ದರೆ ಸಹಿಸುತ್ತಿದ್ದೆ, ಅವರು ನಕ್ಕರು, ಅವತ್ತು ತಟ್ಟೆಯ ಮುದ್ದೆ ಹಾಗೇ ಬಿಟ್ಟೆ — ಆಗ ಅವಳೇ ಎದ್ದು ಬಂದಳು, ಗಬ್ಬದ ಕುರಿಯ ಹೊಟ್ಟೆ ಮುಟ್ಟಿ ನೋಡುವ ಹಾಗೆ ಒದ್ದೆ ಬಾಗಿಲ ಮೇಲೆ ಅಂಗೈ ಇಟ್ಟಳು, ಕಣ್ಣು ಮುಚ್ಚಿದಳು, ನಿನ್ ಸೋಪು ಕೊಳೆ ಬಿಡಿಸ್ತದೆ, ಜಾರಾಕಿಲ್ಲ, ದೂಳಿನ ಮಳ್ಳು ಬಟ್ಟೇಗೆ ಸಿಕ್ಕಾಕ್ಕೊಂಡು ಕೆರೀತದೆ, ಕುರಿ ತುಪ್ಪಟದಾಗೂ ಇಂಗೇ ಅಂದಳು, ರೈಲ್ವೆ ಬೇಲಿಯಿಂದ ದಾಗಡಿ ಬಳ್ಳಿ ಕಿತ್ತು ತಂದು ಎಲೆಯನ್ನು ನೀರಿನಲ್ಲಿ ಹಿಂಡಿದಳು, ಹಸಿರು ಲೋಳೆ, ತುಪ್ಪಟ ಕತ್ತರಿಸುವ ಮುಂಚೆ ಅವರ ಕಡೆ ಕುರಿಗಳಿಗೆ ಅದನ್ನೇ ಸವರುತ್ತಾರಂತೆ, ಮರಳು ತಾನಾಗಿ ಜಾರಿ ಬೀಳುತ್ತದಂತೆ — ಸೋಪಿಗೆ ಅದನ್ನು ಸೇರಿಸಿದಳು, ಸಾಲದು ಅಂತ ಹರಳೆಣ್ಣೆ ಹನಿಸಿದಳು, ಎಣ್ಣೆ ಬೇರೆ ನೀರು ಬೇರೆಯಾಗಿ ನನ್ನ ಬಾನೆಟ್ಟು ದೋಸೆಯ ಕಾವಲಿಯಾಯಿತು, ನಾನು ತಲೆಯ ಮೇಲೆ ಕೈ ಹೊತ್ತು ಕೂತೆ, ಅವಳಾ, ಸೋಲುವವಳಾ, ಮಾರನೆಯ ದಿನ ಎಣ್ಣೆಯನ್ನು ಕುದಿಯುವ ಸೋಪಿಗೆ ಹನಿಹನಿಯಾಗಿ ಬಿಟ್ಟು ಮಜ್ಜಿಗೆಯ ಕಡಗೋಲಿನಲ್ಲಿ ಕಡೆದಳು, ಹಾಲಿನಂತೆ ಬೆಳ್ಳಗಾಗುವ ತನಕ ಕಡೆದಳು, ಕೊನೆಗೆ ಸೆರಗಿನಲ್ಲಿ ಸೋಸಿದ ದಾಗಡಿ ನೀರು — ಉಜ್ಜಬ್ಯಾಡ, ಜಾರ್ಸು ಅಂದಳು, ಬಟ್ಟೆ ಇಟ್ಟೆ ಅಷ್ಟೇ, ತಾನಾಗಿ ಹೋಯಿತು, ಸದ್ದಿಲ್ಲ, ಪಕ್ಕದ ಬಂಗಲೆಯ ಡ್ರೈವರ್ ಪೊನ್ನುಸ್ವಾಮಿ ಗೇಟಿನಲ್ಲೇ ನಿಂತು ಎನ್ನಡಾ ಕುಪ್ಪು, ಕಣ್ಣಾಡಿ ಮಾದಿರಿ ಇರುಕ್ಕೇ ಅಂತ ಬಾಯಿ ಬಿಟ್ಟ, ಕನ್ನಡಿಯಲ್ಲದೆ ಮತ್ತೇನು, ಎನ್ ಪೊಂಡಾಟ್ಟಿ ಕೈವೇಲೈ ಅಂದೆ, ನನ್ನ ಹೆಂಡತಿಯ ಕೈಕೆಲಸ ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದೆ, ಎಂಥ ತಲೆ ಅವಳದು, ಎಂಥ ಕೈ, ಮುಟ್ಟಿದ್ದನ್ನೆಲ್ಲ ತಿಳಿದುಕೊಳ್ಳುವ ಕೈ, ನೋಡಿದಷ್ಟೂ ಮೆಚ್ಚುಗೆ ನನಗೆ, ಬೀದಿಗೆಲ್ಲ ಹೇಳಿದ ಈ ಬಾಯಿ ಅವಳೆದುರು ಮಾತ್ರ ಯಾಕೆ ಕಟ್ಟಿಹೋಗುತ್ತದೋ.

ನಿನ್ನೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಾಳೆ, ನಾನಿಲ್ದಾಗ ನೀನೇ ಮಾಡ್ಕಬೇಕು, ಸೊಪ್ಪು ಇಂಡಿದ ತಕ್ಷಣ ಬಿಸಿ ಸೋಪಿಗೆ ಉಯ್ದುಬಿಡು, ಬಿಟ್ಟೀಯಾ, ಎಪ್ಪುಗಟ್ಟಿಬಿಡ್ತದೆ, ನಾನು ಕೋಲೆಬಸವನಂತೆ ತಲೆಯಾಡಿಸಿದೆ, ಇವತ್ತು ಬೆಳಿಗ್ಗೆ ಸೊಪ್ಪು ಹಿಂಡಿದೆ, ಸೋಸಿದೆ, ಸೋಪು ತರಲೆಂದು ಎದ್ದೆ, ಜಗಲಿಯ ಮೇಲೆ ಆ ಗಂಟು, ನೋಡುತ್ತಾ ಅಲ್ಲೇ ಕೂತುಬಿಟ್ಟೆ, ಎಷ್ಟು ಹೊತ್ತು ಕೂತೆನೋ, ಬೇಕೆಂದೇ ಕೂತೆನೋ, ದೇವರಾಣೆಗೂ ಗೊತ್ತಿಲ್ಲ — ಈಗ ಬಕೀಟಿಗೆ ಕೈ ಹಾಕಿದರೆ ನೀರಿಲ್ಲ, ಗಡಗಡ ನಡುಗುವ ಹಸಿರು ಹಲ್ವ, ಬಕೀಟು ಬೋರಲು ಹಾಕಿದೆ, ಇಡೀ ಮುದ್ದೆ ದೊಪ್ಪನೆ ನೆಲಕ್ಕೆ ಬಿತ್ತು, ಕಡಯಂಪಟ್ಟಿಗೆ ಹೊರಡಬೇಕು ಅಂದಿದ್ದಾರೆ ರಾಯರು, ನಿನ್ನೆ ಹೇಳಿಕೊಡುವಾಗ ಅವಳು ತೊಳೆದ ಬಾನೆಟ್ಟೊಂದು ಬಿಟ್ಟರೆ ಗಾಡಿಯ ಮೇಲೆಲ್ಲ ಧೂಳು ಹಾಗೇ ಇದೆ, ಸದ್ದಿಗೆ ಅವಳು ಹೊರಗೆ ಬಂದಳು, ನೋಡಿದಳು, ಇದೇನಯ್ಯಾ, ಗಾಡಿಗೋ ಇಲ್ಲ ನೀ ಉಣ್ಣಾಕೋ ಅಂದಳು, ನಕ್ಕಳು, ಸೊಂಟ ಹಿಡಿದುಕೊಂಡು ನಕ್ಕಳು, ಈ ಊರಿಗೆ ಬಂದ ಮೇಲೆ ಇಷ್ಟು ದೊಡ್ಡ ನಗು ಕೇಳಿದ್ದೇ ಇಲ್ಲ, ಅದಕ್ಕೇ ಇರಬೇಕು ಬಾಯಿ ಬಿಚ್ಚಿಕೊಂಡಿತು, ಓಗ್ಬ್ಯಾಡ ಕಣಮ್ಮೀ, ನಂಗೆ ಇದು ಬರಾಕಿಲ್ಲ, ನೀನು ಮಾಡಿದಂಗೆ ಈ ಸೇಲಂನಾಗೆ ಯಾವನ್ಗೂ ಬರಾಕಿಲ್ಲ, ನೀನಿಲ್ದೆ ಇರಾಕೂ ಬರಾಕಿಲ್ಲ — ಅಂದುಬಿಟ್ಟೆ, ಕಿವಿ ಬಿಸಿಯಾಯಿತು, ಅವಳ ನಗು ನಿಂತಿತು, ಒಳಗೆ ಹೋಗುತ್ತಾಳೆಯೇ, ಇಲ್ಲ, ಜಗಲಿಗೆ ಹೋದಳು, ಗಂಟು ಎತ್ತಿಕೊಳ್ಳುತ್ತಾಳೆ, ಮುಗಿಯಿತು, ಎತ್ತಲಿಲ್ಲ, ಬಿಚ್ಚಿದಳು, ಮೇಲಿಟ್ಟಿದ್ದ ಕೆಂಪು ಸೀರೆ, ಒಗೆದು ಒಗೆದು ಬೆಣ್ಣೆಯಾದ ಸೀರೆ, ಇವತ್ತು ಬಸ್ಸಿಗೆ ಉಡಬೇಕೆಂದು ಮಡಿಸಿಟ್ಟದ್ದು, ಅಂಚನ್ನು ಹಲ್ಲಿನಲ್ಲಿ ಕಚ್ಚಿದಳು, ಎಳೆದಳು, ಪರ್ರನೆ ಎರಡಾಯಿತು, ನೀ ಗಾಡಿ ಒರ್ಸೋ ಬಟ್ಟೆ ಒರಟು ಕಣಯ್ಯಾ, ಅದೂ ಒಂದು ತಪ್ಪು, ಬಿರ್ರನೆ ಸೊಪ್ಪು ತತ್ತಾ ಅಂದಳು, ಒಂದು ಅರ್ಧ ಅವಳ ಹೆಗಲ ಮೇಲೆ, ಇನ್ನೊಂದನ್ನು ನನ್ನತ್ತ ಚಾಚಿ ನಿಂತಿದ್ದಾಳೆ, ಮಲ್ಲಪ್ಪ ಬಂದರೆ ಏನು ಹೇಳುವುದು, ರಾಯರು ಕೂಗುತ್ತಿದ್ದಾರೆ, ಬೇಲಿಗೆ ಓಡಬೇಕು, ಓಡುತ್ತೇನೆ, ಇನ್ನೊಮ್ಮೆ ನೋಡುತ್ತೇನೆ, ಅವಳ ಕೈ, ಕೈಯಲ್ಲಿ ಅರ್ಧ ಸೀರೆ, ಕೆಂಪು ನೂಲು ಗಾಳಿಗೆ ಆಡುತ್ತಿದೆ, ಅರ್ಧ ಸೀರೆ, ಉಟ್ಟುಕೊಂಡು ಯಾವ ಬಸ್ಸನ್ನೂ ಹತ್ತಲಾಗದ ಅರ್ಧ ಸೀರೆ —