ಮೈಯೊಳಗಿನ ಚರೆ

“ಲೇ ಗಿಡ್ಡಿ, ಒಂದು ಕೂದಲು ತಟ್ಟೇಲಿ ಸಿಕ್ತೋ, ನಿನ್ನ ಜುಟ್ಟು ಹಿಡಿದು ಅದೇ ತಟ್ಟೆಗೆ ತಿಕ್ತೀನಿ, ಮುಂಡೇದೆ.” ಧಣಿ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಹೇಳಿದ. ಗಿಡ್ಡಿ ತಲೆ ಎತ್ತಲಿಲ್ಲ. ಕೈಯಲ್ಲಿ ಮೊಲವಿತ್ತು.

ಹಿಂಗಾಲುಗಳನ್ನು ಕೊಕ್ಕೆಗೆ ಕಟ್ಟಿ, ಕಾಲಿನ ಗಂಟಿನ ಸುತ್ತ ಚಾಕು ಆಡಿಸಿ, ತೊಡೆಯ ಒಳಬದಿ ಸೀಳಿ, ನಿದ್ದೆಗಣ್ಣಿನ ಮಗುವಿನ ಅಂಗಿ ಕಳಚುವ ಹಾಗೆ ಚರ್ಮವನ್ನು ತಲೆಯ ಕಡೆಗೆ ಎಳೆದಳು. ಕರುಳು ಒಡೆಯದಂತೆ, ಪಿತ್ತ ಸಿಡಿಯದಂತೆ ಹೊಟ್ಟೆ ಬಗೆದಳು. ನಿಜವಾದ ಪೀಡೆ ಶುರುವಾಗುವುದು ಆಮೇಲೆ. ಕೋವಿಯ ಚರೆ, ಸಾಸಿವೆಗಿಂತ ತುಸು ದಪ್ಪದ ಆ ಸೀಸದ ಕಾಳು, ಮಾಂಸದೊಳಗೆ ಒಂಟಿಯಾಗಿ ಹೋಗುವುದಿಲ್ಲ. ತುಪ್ಪಳದ ಎಳೆಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಕಾಳು ತೆಗೆದು ಎಳೆ ಬಿಟ್ಟರೆ ಅಲ್ಲೇ ಕೊಳೆತು ನಾರುತ್ತದೆ.

ಅವಳಿಗೆ ಈ ಚಾಕರಿ ಹೊಸದಲ್ಲ. ಇವತ್ತು ಮಾತ್ರ ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿದ್ದಳು. ಬೆನ್ನ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಗಂಡ ಗೋಣಿಚೀಲದ ಮೇಲೆ ಮಲಗಿದ್ದ. ಅವನ ತೊಡೆಯಲ್ಲೂ ಅದೇ ಚರೆ ಹೊಕ್ಕಿತ್ತು.

ಬೇಟೆಯಲ್ಲಿ ಪೊದೆ ಬಡಿದು ಮೊಲ ಎಬ್ಬಿಸುವುದು ಅವನ ಕೆಲಸ. ಬಡಿಯುವವನು ಉದ್ದಕ್ಕೂ ‘ಹೋ, ಹೋ’ ಎಂದು ಕೂಗುತ್ತಿರಬೇಕು. ಕೋವಿ ಹಿಡಿದವರಿಗೆ ಮನುಷ್ಯ ಎಲ್ಲಿದ್ದಾನೆಂದು ತಿಳಿಯುವುದು ಆ ಕೂಗಿನಿಂದಲೇ. ಕೋವಿ ಹಿಡಿದು ಬಂದಿದ್ದ ಧಣಿಯ ಹೊಸ ಅಳಿಯನಿಗೆ ಇವತ್ತು ಬೆಳಿಗ್ಗೆ ತಲೆನೋವು. “ನಾಯಿ ಥರ ಊಳಿಡಬೇಡವೋ, ಬಾಯಿ ಮುಚ್ಕೊಂಡು ಬಡಿ,” ಎಂದು ಧಣಿ ಗದರಿಸಿದ. ಗಂಡ ಬಾಯಿ ಮುಚ್ಚಿಕೊಂಡೇ ಬಡಿದ. ಅಳಿಯ ಅಲುಗಿದ ಪೊದೆಗೆ ಗುಂಡು ಹಾರಿಸಿದ. ಹೇಳಿದ ಮಾತು ಕೇಳುವ ಆಳಿಗೆ ಸಿಕ್ಕ ಇನಾಮು ಇದು.

ಗಿಡ್ಡಿ ಚಾಕು ಕೆಳಗಿಟ್ಟಳು. “ಧಣಿ, ಕಾರಲ್ಲಿ ಆಸ್ಪತ್ರೆಗೆ ಕಳಿಸಿ. ಕಾಲು ಬಾತು ಕಲ್ಲಾಗಿದೆ.”

“ಮುಳ್ಳು ಚುಚ್ಚಿದ್ದಕ್ಕೆಲ್ಲ ಕಾರಾ?”

“ಮುಳ್ಳಲ್ಲ. ನಿಮ್ಮ ಅಳಿಯಂದಿರೇ ಹೊಡೆದದ್ದು.”

“ಅಳಿಯನ ಹೆಸರೆತ್ತಿದ್ರೆ ನಾಲಿಗೆ ಕೀಳ್ತೀನಿ. ಆಸ್ಪತ್ರೆಯವರು ಪೊಲೀಸರನ್ನ ಕರೀತಾರೆ. ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ನನ್ನ ಮಗಳು ಠಾಣೆ ಮುಂದೆ ಕೂರಬೇಕೇನೆ?” ಆಮೇಲೆ ಏನೋ ತಮಾಷೆ ಹೊಳೆದವನಂತೆ ನಕ್ಕ. “ಮೊಲದ ಮೈಯಿಂದ ಕೀಳ್ತೀಯಲ್ಲ, ಅವನದ್ದೂ ಕೀಳು. ಚಾಕು ಇದೆ, ಕೈ ಪಳಗಿದೆ. ಮೊದಲು ಮೊಲ ಮುಗಿಸು, ಊಟಕ್ಕೆ ಹೊತ್ತಾಯ್ತು.”

ಒಳಗೆ ಊಟಕ್ಕೆ ಕಾದಿದ್ದ ನೆಂಟರೂ ನಕ್ಕರು. ಅಡುಗೆಯವನು ಮಾತ್ರ ಈರುಳ್ಳಿಯ ಕಡೆ ಮುಖ ತಿರುಗಿಸಿಕೊಂಡ.

ಧಣಿ ಒಳಗೆ ಹೋದ ಮೇಲೆ ಅವಳು ಅದನ್ನೂ ಮಾಡಿ ನೋಡಿದಳು. ಚಾಕುವಿನ ತುದಿಯನ್ನು ಬೆಂಕಿಗೆ ಹಿಡಿದು ಗಂಡನ ತೊಡೆಗೆ ಇಳಿಸಿದಳು. ಅವನು ಗೋಣಿಯ ಅಂಚು ಕಚ್ಚಿಕೊಂಡ. ಒಂದು ಕಾಳು ಬಂತು, ಜೊತೆಗೆ ಅವನ ಚಡ್ಡಿಯ ನೂಲು ಬಂತು. ಉಳಿದವು ಆಳದಲ್ಲಿದ್ದವು. ರಕ್ತ ಒರೆಸುತ್ತ ಅವಳು ಅತ್ತಳು, ಸಿಟ್ಟಿನಿಂದ ಅತ್ತಳು.

“ಬಿಡೇ. ಕುಂಟ್ಕೊಂಡಾದ್ರೂ ಬದುಕ್ತೀನಿ. ಧಣೀನ ಎದುರು ಹಾಕ್ಕೋಬೇಡ,” ಎಂದ ಗಂಡ.

“ಕಾಲು ಕೊಳೆತ ಮೇಲೆ ಯಾವ ಬೋಳಿಮಗ ನಿನ್ನ ಕೂಲಿಗೆ ಕರೀತಾನೆ? ಎದ್ದೇಳು.”

ಕೊಟ್ಟಿಗೆಯ ಮೂಲೆಯಲ್ಲಿ ಗೊಬ್ಬರ ಹೊರುವ ತಳ್ಳುಗಾಡಿ ಇತ್ತು. ಅದರಲ್ಲಿ ಅವನನ್ನು ಕೂರಿಸಿದಳು. ಅರ್ಧ ಸುಲಿದ ಮೊಲವನ್ನು ಕೊಕ್ಕೆಯಿಂದ ಬಿಚ್ಚಿ, ಚರ್ಮ ತಲೆಯ ಮೇಲೆ ಜೋಲುತ್ತಿದ್ದ ಹಾಗೇ, ಅವನ ಮಡಿಲಿಗೆ ಹಾಕಿದಳು. ಹಿತ್ತಿಲ ದಾರಿ ಬಿಟ್ಟು ಮುಂದಿನ ಗೇಟಿನಿಂದಲೇ ಬೀದಿಗೆ ತಳ್ಳಿದಳು.

ಧಣಿ ಏದುಸಿರು ಬಿಡುತ್ತ ಓಡಿ ಬಂದ. “ನಿಲ್ಲೇ. ಕಾರು ತೆಗೆಸ್ತೀನಿ, ಒಳಗೆ ಕೂರ್ಸು.”

“ಬೇಡ ಧಣಿ. ಕಾರೊಳಗೆ ಕೂತ್ರೆ ಯಾರಿಗೆ ಕಾಣುತ್ತೆ?”

ಅಂಗಡಿಗಳ ಮುಂದೆ ಜನ ಎದ್ದು ನಿಂತರು. ಕ್ಷೌರದವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದ. “ಏನಮ್ಮ ಇದು?” ಎಂದು ಕೇಳಿದ.

“ಧಣಿ ಅಳಿಯ ಹೊಡೆದದ್ದು,” ಎಂದಳು ಗಿಡ್ಡಿ, ಹಿಂದೆ ಬರುತ್ತಿದ್ದವನಿಗೂ ಕೇಳುವಷ್ಟು ಗಟ್ಟಿಯಾಗಿ. “ಮೊಲಾನೂ, ನನ್ನ ಗಂಡನ್ನೂ.”

ಗಾಡಿ ನಿಲ್ಲಿಸಲಿಲ್ಲ. ಆಸ್ಪತ್ರೆ ಪೇಟೆಯ ಆಚೆ ತುದಿಯಲ್ಲಿತ್ತು. ಗಂಡನ ಕುತ್ತಿಗೆ ಒಂದು ಕಡೆಗೆ ವಾಲಿತ್ತು, ಉಸಿರು ಇನ್ನೂ ಆಡುತ್ತಿತ್ತು.